ಪ್ಲಗ್ ಕಿತ್ತರೂ ನಿಲ್ಲದ ಕೆಲಸ: ಕಾಸರಗೋಡಿನ ಹಳ್ಳಿಮನೆಯಲ್ಲಿ ಆಫೀಸು ಹೂಡುವುದು

ಮನೆಯಿಂದ ಕೆಲಸ ಮಾಡುವ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಪೇಟೆಯ ಫ್ಲ್ಯಾಟಿಗೆ ಹೊಂದುವಂಥವು. ಒಳ್ಳೆಯ ಕುರ್ಚಿ, ವೇಗದ ನೆಟ್, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇದ್ದರೆ ಸಾಕು ಎನ್ನುತ್ತವೆ. ಮೀಂಜ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ದೇಲಂಪಾಡಿ ಕಡೆಯ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ್ದು ಬೇರೆಯೇ ಇದೆ. ಮಧ್ಯಾಹ್ನ ಮೂರು ಗಂಟೆಗೆ ಮೂಡಲ ಕಡೆ ಗುಡುಗು ಕೇಳಿತು ಅಂತಿಟ್ಟುಕೊಳ್ಳಿ. ಗೋಡೆಯಲ್ಲಿರುವ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟು, ಆಮೇಲೂ ಎರಡು ಮೂರು ಗಂಟೆ ಕೆಲಸ ಮುಂದುವರಿಸಲು ನಿಮ್ಮ ಮನೆಯಲ್ಲಿ ಆಗುತ್ತದೆಯೇ? ಇದಕ್ಕೆ ಹೌದು ಎನ್ನುವಂತಾದರೆ ಉಳಿದ ತೊಂದರೆಗಳಲ್ಲಿ ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಹಾಗಾಗಿ ಕುರ್ಚಿಯ ಮಾತು ಆಮೇಲೆ, ಸಿಡಿಲಿನ ಮಾತು ಮೊದಲು.

ನಮ್ಮಲ್ಲಿ ಸಿಡಿಲಿಗೆ ಎರಡು ಕಾಲ. ಮಾರ್ಚ್ ಕೊನೆಯಿಂದ ಜೂನಿನ ಮಳೆ ಹಿಡಿಯುವವರೆಗೆ ಒಂದು, ಅಕ್ಟೋಬರ್-ನವೆಂಬರ್‌ನ ತುಲಾ ತಿಂಗಳ ಮಳೆಯದ್ದು ಇನ್ನೊಂದು. ಎರಡರಲ್ಲೂ ಮೋಡ ಕಟ್ಟುವುದು ಘಟ್ಟದ ಕಡೆ, ಮಧ್ಯಾಹ್ನ ಕಳೆದ ಮೇಲೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಿಡಿಲಿನ ಎಚ್ಚರಿಕೆ ಕೊಡುವಾಗ ಹೇಳುವುದೂ ಮಧ್ಯಾಹ್ನ 2ರಿಂದ ರಾತ್ರಿ 10ರ ವರೆಗಿನ ಹೊತ್ತನ್ನೇ. ಹಗಲು ಕೆಲಸದವರಿಗೆ ಅದು ದಿನದ ಅರ್ಧಭಾಗ, ಅಮೆರಿಕದವರ ಜತೆ ಕಾಲ್ ಇರುವವರಿಗೆ ಹೆಚ್ಚುಕಡಿಮೆ ಇಡೀ ಪಾಳಿ. ಆಟಿಯ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಗುಡುಗು ಕಡಿಮೆ. ಆಗಿನ ತೊಂದರೆ ಮರ ಬಿದ್ದು ಲೈನ್ ಹೋಗುವುದು ಮತ್ತು ಶೀತ.

ಸಿಡಿಲು ನೇರ ಮನೆಗೇ ಬಡಿಯಬೇಕೆಂದಿಲ್ಲ. ಅರ್ಧ ಕಿಲೋಮೀಟರ್ ಆಚೆಯ ತೆಂಗಿಗೋ ಲೈನ್ ಕಂಬಕ್ಕೋ ಬಡಿದರೂ ಸಾಕು, ತಂತಿ ಹಿಡಿದು ಒಳಗೆ ಬರುತ್ತದೆ. ಕರೆಂಟಿನ ಲೈನ್ ಒಂದು ದಾರಿ. ಫೈಬರ್ ಕೇಬಲಿನ ಜತೆಗಿರುವ ಉಕ್ಕಿನ ತಂತಿ ಇನ್ನೊಂದು. ಟಿವಿಯ ಡಿಶ್ಶಿನ ಕೇಬಲ್, ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆದ ಲ್ಯಾನ್ ಕೇಬಲ್ ಕೂಡ ದಾರಿಗಳೇ. ಸ್ವಿಚ್ ಆರಿಸಿದರೆ ಸಾಕು ಎಂಬ ನಂಬಿಕೆ ತಪ್ಪು. ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್, ಮೈಲಿಗಟ್ಟಲೆ ಗಾಳಿ ದಾಟಿ ಬಂದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಅಲ್ಲದೆ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್, ಅರ್ತ್ ಎರಡೂ ಜೋಡಿಸಿದಂತೆಯೇ ಇರುತ್ತವೆ. ಆದ್ದರಿಂದ ಪ್ಲಗ್ಗನ್ನೇ ಹೊರಗೆಳೆಯಬೇಕು.

ಎಳೆಯುವ ಹೊತ್ತೂ ಮುಖ್ಯ. ಮಿಂಚಿದ್ದಕ್ಕೂ ಗುಡುಗಿದ್ದಕ್ಕೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಅಷ್ಟರೊಳಗೆ ಎಲ್ಲ ಕಿತ್ತಾಗಿರಬೇಕು. ತಲೆಯ ಮೇಲೆಯೇ ಗುಡುಗುವಾಗ ಓಡಿ ಹೋಗಿ ಪ್ಲಗ್ಗಿಗೆ ಕೈ ಹಾಕಬೇಡಿ, ಆಗ ಸಾಮಾನು ಉಳಿಸಲು ಹೋಗಿ ಜೀವಕ್ಕೇ ಅಪಾಯ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆಯೇ ಮತ್ತೆ ಹಾಕಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಎಂಬ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರಿನಲ್ಲಿ ಬಿದ್ದ ಸಿಡಿಲನ್ನು ನಕ್ಷೆಯಲ್ಲಿ ತೋರಿಸುತ್ತದೆ. ಹೆಡ್‌ಫೋನ್ ಹಾಕಿ ಕಾಲ್‌ನಲ್ಲಿ ಕೂತವರಿಗೆ ದೂರದ ಗುಡುಗು ಕೇಳಿಸುವುದಿಲ್ಲ, ಅಂಥವರಿಗೆ ಇದು ಬಹಳ ಉಪಯೋಗದ್ದು.

ಈಗ ಕಿತ್ತ ಮೇಲಿನ ಕೆಲಸ. ಬೇಕಾದ್ದು ಮೂರೇ: ಚಾರ್ಜ್ ಇರುವ ಲ್ಯಾಪ್‌ಟಾಪ್, ತನ್ನದೇ ಬ್ಯಾಟರಿಯಲ್ಲಿ ನಡೆಯುವ ಫೈಬರ್ ಮೋಡೆಮ್, ಲೋಹವಿಲ್ಲದ ಫೈಬರ್ ದಾರಿ.

ಮೋಡೆಮ್‌ಗೆ ಸಣ್ಣ ಡಿ.ಸಿ. ಯು.ಪಿ.ಎಸ್. ಸಿಗುತ್ತದೆ, ಅಂಗಡಿಯಲ್ಲಿ ರೌಟರ್ ಯು.ಪಿ.ಎಸ್. ಅಂದರೆ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಮೋಡೆಮಿನ ಅಡಿಯ ಚೀಟಿ ನೋಡಿ. ಹೆಚ್ಚಿನವು 12 ವೋಲ್ಟಿನವು, 1 ಅಥವಾ 1.5 ಆಂಪಿಯರ್ ಎಂದಿರುತ್ತದೆ. ಕೆಲವು 9 ವೋಲ್ಟಿನವೂ ಇವೆ. ವೋಲ್ಟ್ ಸರಿಯಾಗಿ ಹೊಂದಲೇಬೇಕು. ಆಂಪಿಯರ್ ಯು.ಪಿ.ಎಸ್.ನಲ್ಲಿ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿದ್ದರೆ ವೈಫೈ ಜೋರಾಗಿ ಓಡುವಾಗ ಮೋಡೆಮ್ ತನ್ನಷ್ಟಕ್ಕೆ ಆರಿ ಹತ್ತುತ್ತದೆ. ಪಿನ್ನಿನ ಹೊರ ಅಳತೆ 5.5 ಮಿಲಿಮೀಟರ್ ಒಂದೇ ಇದ್ದರೂ ಒಳ ತೂತು 2.1, 2.5 ಎಂದು ಎರಡು ಬಗೆ. ತಪ್ಪಿದ್ದನ್ನು ತುರುಕಿದರೆ ಸಡಿಲವಾಗಿ ಕೂತು, ಮೇಜು ಅಲುಗಿದಾಗಲೆಲ್ಲ ನೆಟ್ ಹೋಗುತ್ತದೆ. ಒಳಗೆ ಮೂರು ಸೆಲ್ ಇರುವ, ಸುಮಾರು 22 ವಾಟ್-ಅವರ್‌ನ ಯು.ಪಿ.ಎಸ್. 10 ವಾಟಿನ ಮೋಡೆಮನ್ನು ಹೆಚ್ಚುಕಡಿಮೆ ಎರಡು ಗಂಟೆ ನಡೆಸುತ್ತದೆ. ಡಬ್ಬಿಯ ಮೇಲೆ ನಾಲ್ಕು ಗಂಟೆ ಎಂದು ಬರೆದಿದ್ದರೆ ಅದು 5 ವಾಟಿನ ಲೆಕ್ಕ. ಎರಡು ವರ್ಷ ಕಳೆದ ಮೇಲೆ ಇದರ ಸೆಲ್ ಸೋಲುತ್ತದೆ. ಮಾರ್ಚ್ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಗೋಡೆಯ ಪ್ಲಗ್ ಕಿತ್ತು ಎಷ್ಟು ಹೊತ್ತು ನಡೆಯುತ್ತದೆಂದು ನೋಡಿಡಿ. ಉಬ್ಬಿದ್ದು ಕಂಡರೆ ಮನೆಯೊಳಗೆ ಇಟ್ಟುಕೊಳ್ಳಬೇಡಿ.

ಲ್ಯಾಪ್‌ಟಾಪಿನ 50 ವಾಟ್-ಅವರ್ ಬ್ಯಾಟರಿ ಬರೆಯುವ, ಓದುವ ಕೆಲಸಕ್ಕೆ ಮೂರು ಗಂಟೆಯ ಮೇಲೂ ಬರುತ್ತದೆ. ವಿಡಿಯೋ ಕಾಲ್‌ನಲ್ಲಿ ಎರಡು ಗಂಟೆ. ಕ್ಯಾಮೆರಾ ಮುಚ್ಚಿ, ಪರದೆಯ ಬೆಳಕು ಅರ್ಧಕ್ಕೆ ಇಳಿಸಿದರೆ ಇನ್ನೂ ಅರ್ಧ ಗಂಟೆ ದಕ್ಕಬಹುದು. ಬ್ಯಾಟರಿ ಬಾಳಿಕೆಗೆ ಚಾರ್ಜ್ 80 ಶೇಕಡಾದಲ್ಲಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಆದರೆ ಸಿಡಿಲಿನ ತಿಂಗಳುಗಳಲ್ಲಿ ಅದನ್ನು ತೆಗೆದು, ಮಧ್ಯಾಹ್ನ ಎರಡರೊಳಗೆ ತುಂಬ ಚಾರ್ಜ್ ಆಗುವಂತೆ ನೋಡಿಕೊಳ್ಳಿ. ಟೈಪ್-ಸಿಯಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪಾದರೆ 65 ವಾಟ್ ಕೊಡುವ 20,000 ಎಂಎಎಚ್ ಪವರ್ ಬ್ಯಾಂಕ್ ಹೆಚ್ಚುಕಡಿಮೆ ಇನ್ನೊಂದು ಸಲ ತುಂಬಿಸುತ್ತದೆ. ಫೋನಿಗೆಂದು ಮಾರುವ 18 ಅಥವಾ 22 ವಾಟಿನ ಪವರ್ ಬ್ಯಾಂಕ್ ಇದಕ್ಕಾಗದು, ಲ್ಯಾಪ್‌ಟಾಪ್ ಅದನ್ನು ಹಿಡಿಯುವುದೇ ಇಲ್ಲ ಅಥವಾ ಬರೀ ಸೋರಿಕೆ ತುಂಬುವಷ್ಟು ಮಾತ್ರ ಹಿಡಿಯುತ್ತದೆ.

ಮೂರನೆಯದನ್ನು ಕನೆಕ್ಷನ್ ಕೊಡುವ ದಿನವೇ ಹೇಳಿ ಮಾಡಿಸಬೇಕು. ಕಂಬದಿಂದ ಮನೆಗೆ ಬರುವ ಚಪ್ಪಟೆ ಕಪ್ಪು ಕೇಬಲಿನ ಒಂದು ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ. ಕೇಬಲಿನ ಭಾರ ಹೊರುವುದು ಅದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ ಈ ತಂತಿಯಲ್ಲಿ ಹರಿಯುತ್ತದೆ. ಕೇಬಲ್ ಹಾಕುವವರು ಅವಸರದಲ್ಲಿ ತಂತಿ ಸಮೇತ ಕಿಟಕಿಯ ಸಂದಿಯಿಂದ ಮೋಡೆಮಿನ ತನಕ ತಂದುಬಿಡುತ್ತಾರೆ. ಹಾಗೆ ಬಿಡಬೇಡಿ. ಮಾಡಿನ (ಛಾವಣಿಯ) ಅಂಚಿನ ಕೊಕ್ಕೆಗೆ ಉಕ್ಕಿನ ತಂತಿಯನ್ನು ಬಿಗಿದು ಅಲ್ಲಿಯೇ ಕತ್ತರಿಸಿ, ಅಲ್ಲಿಂದ ಒಳಗೆ ಬರಿಯ ಫೈಬರಿನ ಭಾಗ ಮಾತ್ರ ಬರಲಿ. ಕೇಬಲಿನ ಒಳಗೆ ಫೈಬರಿನ ಎರಡೂ ಪಕ್ಕ ಸಣ್ಣ ಕಡ್ಡಿಗಳಿರುತ್ತವೆ. ಅವು ಬಿಳಿಯ ಪ್ಲಾಸ್ಟಿಕ್ಕಿನಂಥವೋ ಉಕ್ಕಿನವೋ ನೋಡಿ. ಉಕ್ಕಿನವಾದರೆ ಬೇರೆ ಕೇಬಲ್ ಕೇಳುವುದು ವಾಸಿ.

ತೋಟದ ನಡುವೆ ಕೇಬಲ್ ಬರುವಲ್ಲಿ ಕಂಗಿಗೋ (ಅಡಿಕೆ ಮರ) ತೆಂಗಿಗೋ ಕಟ್ಟಿ ತರುವುದು ಮಾಮೂಲು. ಕಂಗು ಗಾಳಿಗೆ ಅಷ್ಟೆತ್ತರದಿಂದ ಓಲಾಡುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಮೊದಲ ಮಳೆಗಾಳಿಗೇ ಒಳಗಿನ ಎಳೆ ಸೀಳುತ್ತದೆ. ಹೊರಗಿಂದ ನೋಡಿದರೆ ಏನೂ ಆದಂತೆ ಕಾಣುವುದಿಲ್ಲ. ಪ್ರತಿ ಮರದ ಹತ್ತಿರ ಕೈಯಗಲದಷ್ಟು ಸಡಿಲ ಬಿಟ್ಟು, ಆಳೆತ್ತರಕ್ಕಿಂತ ತುಸು ಮೇಲೆ ಕಟ್ಟಿಸಿ. ಹೆಚ್ಚು ಮೇಲಾದರೆ ಓಲಾಟ ಹೆಚ್ಚು, ತೀರ ಕೆಳಗಾದರೆ ಅಡಿಕೆ ಹೊರುವವರ ತಲೆಗೆ ತಾಗುತ್ತದೆ. ಸೋಗೆ ಬಿದ್ದಾಗ ತುಂಡಾಗುವುದನ್ನು ತಪ್ಪಿಸಲು ಆಗದು. ಅದಕ್ಕೇ ಮನೆಯ ಹತ್ತಿರ ಐದಾರು ಮೀಟರ್ ಕೇಬಲ್ ಸುರುಳಿ ಸುತ್ತಿ ಬಿಟ್ಟಿರಬೇಕು. ತುಂಡಾದರೆ ಎಳೆದು ಜೋಡಿಸಬಹುದು, ಹೊಸ ಕೇಬಲಿಗೆ ಕಾಯಬೇಕಿಲ್ಲ. ಗೋಡೆಯ ತೂತಿಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕೋಣೆಯೊಳಗೆ ಮೂಲೆ ತಿರುಗಿಸುವಾಗ ಮೂರು ಸೆಂಟಿಮೀಟರಿಗಿಂತ ಸಣ್ಣ ತಿರುವು ಬೇಡ. ಬೆಳಕು ಅಲ್ಲೇ ಸೋರಿಹೋಗುತ್ತದೆ.

ನೆಟ್ ಹೋದಾಗ ಸಿಟ್ಟಿನಿಂದ ಫೋನ್ ಮಾಡುವ ಮೊದಲು ಮೋಡೆಮಿನ ದೀಪ ನೋಡಿ. ಎಲ್.ಒ.ಎಸ್. ಎಂಬ ದೀಪ ಕೆಂಪಗೆ ಮಿಣುಕಿದರೆ ಬೆಳಕೇ ಬರುತ್ತಿಲ್ಲ, ಎಂದರೆ ಹೆಚ್ಚಾಗಿ ಕೇಬಲ್ ತುಂಡು. ಪಿ.ಒ.ಎನ್. ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲವೆಂದರೆ ನಿಮ್ಮ ಕೇಬಲ್ ಸರಿಯಿದೆ, ತೊಂದರೆ ಆಚೆ ಕಡೆಯದು. ಇಷ್ಟು ಹೇಳಿದರೆ ಕೇಬಲಿನವರು ಏಣಿ ತರಬೇಕೋ ಬೇಡವೋ ಎಂದು ಅವರಿಗೂ ಗೊತ್ತಾಗುತ್ತದೆ. ಬ್ರೌಸರಿನಲ್ಲಿ 192.168.1.1 ತೆರೆದರೆ ಹೆಚ್ಚಿನ ಮೋಡೆಮುಗಳಲ್ಲಿ ಬರುವ ಬೆಳಕಿನ ಬಲ ಕಾಣುತ್ತದೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳ್ಳೆಯದು. ಮೈನಸ್ 27 ದಾಟಿದರೆ ಹನಿಮಳೆಗೂ ಕಡಿದು ಹೋಗುವ ಸ್ಥಿತಿ. ಕನೆಕ್ಷನ್ ಕೊಟ್ಟ ದಿನದ ಅಂಕಿ ಬರೆದಿಟ್ಟುಕೊಂಡರೆ, ಆರು ತಿಂಗಳ ಮೇಲೆ ನಾಲ್ಕು ಡಿಬಿ ಇಳಿದದ್ದು ಕಂಡಾಗ ಜೋಡಣೆಯಲ್ಲಿ ನೀರೋ ಇರುವೆಯೋ ಸೇರಿದೆ ಎಂದು ಊಹಿಸಬಹುದು.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಒಳ್ಳೆಯ ವಿಡಿಯೋ ಕಾಲ್‌ಗೆ ಬೇಕಾದ್ದು ಹೋಗಲು 4, ಬರಲು 4 ಎಂಬಿಪಿಎಸ್. ಇಬ್ಬರು ಕೆಲಸ ಮಾಡಿ, ಮಕ್ಕಳು ಯೂಟ್ಯೂಬ್ ನೋಡಿದರೂ 40 ಎಂಬಿಪಿಎಸ್ ಸಾಕು. 200 ಎಂಬಿಪಿಎಸ್‌ನ ಪ್ಲಾನಿಗೆ ಕೊಡುವ ಹಣವನ್ನು ಎರಡನೆಯ ನೆಟ್‌ಗೆ ಕೊಡಿ ಎಂಬುದು ನನ್ನ ಮಾತು. ಬಿಎಸ್‌ಎನ್‌ಎಲ್, ಊರಿನ ಕೇಬಲಿನವರು, 2023ರ ಜೂನ್‌ನಲ್ಲಿ ಶುರುವಾದ ಕೇರಳ ಸರಕಾರದ ಕೆ-ಫೋನ್, ಮೊಬೈಲ್ ಕಂಪನಿಗಳ ತಂತಿಯಿಲ್ಲದ ಏರ್‌ಫೈಬರ್ ಹೀಗೆ ಆಯ್ಕೆಗಳಿವೆ. ಯಾವುದು ಒಳ್ಳೆಯದು ಎನ್ನುವುದು ಊರಿಂದ ಊರಿಗೆ ಅಲ್ಲ, ಕಂಬದಿಂದ ಕಂಬಕ್ಕೆ ಬದಲಾಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಕಡೆ ದಿನವಿಡೀ ಕರೆಂಟು ಹೋದರೆ ನಿಮ್ಮ ಕಡೆಯ ಯಂತ್ರ ಎಷ್ಟು ಗಂಟೆ ನಡೆಯುತ್ತದೆ? ನಿಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇದ್ದರೂ ಅವರ ಬ್ಯಾಟರಿ ಮುಗಿದಲ್ಲಿಗೆ ನಿಮ್ಮ ನೆಟ್ಟೂ ಮುಗಿಯಿತು.

ಎರಡನೆಯ ದಾರಿ ಹೆಚ್ಚಿನವರಿಗೆ ಮೊಬೈಲೇ. ಗಡಿಯ ಗುಡ್ಡಗಳಲ್ಲಿ ಒಂದು ಕಿಟಕಿಗೆ ಕೇರಳದ ಟವರ್, ಇನ್ನೊಂದಕ್ಕೆ ಕರ್ನಾಟಕದ್ದು ಸಿಗುವುದುಂಟು. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡು, ಮನೆಯ ನಾಲ್ಕೂ ಮೂಲೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಯಾವುದು ಎಲ್ಲಿ ಎಂದು ಬರೆದಿಡಿ. ತಾರಸಿಯ ಮೇಲೆ ಅಡಿಕೆ ಒಣಗಿಸಲು ತಗಡಿನ ಶೀಟ್ ಹಾಕಿಸಿದ ಮನೆಗಳಲ್ಲಿ ಒಳಗೆ ಸಿಗ್ನಲ್ ತೀರ ಕುಗ್ಗುತ್ತದೆ. ಫೋನನ್ನು ಕಿಟಕಿಯಲ್ಲಿಟ್ಟು ಉದ್ದದ ಯು.ಎಸ್.ಬಿ. ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ. ಹಾಟ್‌ಸ್ಪಾಟಿಗಿಂತ ಇದು ಗಟ್ಟಿ. ಆದರೆ ಫೋನ್ ಲ್ಯಾಪ್‌ಟಾಪಿನಿಂದ ಚಾರ್ಜ್ ಹೀರುತ್ತದೆ ಎಂಬುದು ನೆನಪಿರಲಿ.

ಇನ್ನು ಇನ್ವರ್ಟರ್. ಒಬ್ಬರ ಕೆಲಸಕ್ಕೆ ಬೇಕಾದ ಕರೆಂಟು ಹೀಗೆ: ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪ್ 50 ವಾಟ್, ಮಾನಿಟರ್ 25, ಮೋಡೆಮ್ 10, ಒಂದು ಎಲ್‌ಇಡಿ 9, ಹಳೆಯ ಸೀಲಿಂಗ್ ಫ್ಯಾನ್ 75. ಒಟ್ಟು 170ರ ಆಸುಪಾಸು. ಇದರಲ್ಲಿ ದೊಡ್ಡ ಪಾಲು ಫ್ಯಾನಿನದು. ಅದನ್ನು 28-30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಒಟ್ಟು 125ಕ್ಕಿಳಿಯುತ್ತದೆ. ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ಇದು ಅಗ್ಗದ ದಾರಿ. 150 ಆಂಪಿಯರ್-ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇದ್ದರೂ ಇನ್ವರ್ಟರಿನ ನಷ್ಟ ಕಳೆದು, ಪೂರ್ತಿ ಬರಿದು ಮಾಡದೆ ಉಪಯೋಗಿಸಿದರೆ ಕೈಗೆ ಬರುವುದು 1100ರಷ್ಟು. ಅಡುಗೆಮನೆಯ ಮಿಕ್ಸಿ, ಟಿವಿ ಅದೇ ಲೈನಿನಲ್ಲಿ ಇದ್ದರೆ ಈ ಲೆಕ್ಕ ಹೇಗೂ ತಪ್ಪುತ್ತದೆ.

ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಸ್ಕ್ವೇರ್ ವೇವಿನದರಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಆ ಸದ್ದು ಮೈಕಿನಲ್ಲಿ ಆಚೆಯವರಿಗೂ ಕೇಳುತ್ತದೆ.

ಇಲ್ಲಿ ತುಂಬ ಜನರನ್ನು ಕಾಡುವ ಒಂದು ಸಂಗತಿ ಇದೆ. ಇನ್ವರ್ಟರಿನ ಹಿಂದೆ ಅಥವಾ ಎದುರು ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯು.ಪಿ.ಎಸ್., ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಯು.ಪಿ.ಎಸ್. ಕಡೆಗಿಟ್ಟರೆ ಕರೆಂಟು ಹೋದಾಗ ಕಣ್ಣೆವೆ ಇಕ್ಕುವುದರೊಳಗೆ ಬದಲಾಗುತ್ತದೆ, ಮೋಡೆಮ್ ಆರುವುದಿಲ್ಲ. ಆದರೆ ಈ ಸ್ಥಿತಿಯಲ್ಲಿ ಅದು ಸುಮಾರು 180ರಿಂದ 260 ವೋಲ್ಟಿನ ಒಳಗಿದ್ದರೆ ಮಾತ್ರ ಲೈನಿನ ಕರೆಂಟನ್ನು ಒಪ್ಪುತ್ತದೆ. ಜನವರಿಯಿಂದ ಮೇ ವರೆಗೆ ತೋಟಕ್ಕೆ ನೀರು ಬಿಡುವ ಕಾಲ. ಅಕ್ಕಪಕ್ಕದ ಐದು ಎಚ್‌ಪಿಯ ಮೂರು ಪಂಪುಗಳು ಒಟ್ಟಿಗೆ ನಡೆಯುವಾಗ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ವೋಲ್ಟೇಜ್ 170ಕ್ಕೂ ಇಳಿಯುತ್ತದೆ. ಆಗ ಲೈನಿನಲ್ಲಿ ಕರೆಂಟಿದ್ದರೂ ಇನ್ವರ್ಟರ್ ಬ್ಯಾಟರಿಯಿಂದಲೇ ನಡೆಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ. ಬ್ಯಾಟರಿ ಕೆಟ್ಟಿತೆಂದು ಹೊಸದು ತಂದವರಿದ್ದಾರೆ. ಮಲ್ಟಿಮೀಟರ್ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ವೋಲ್ಟೇಜ್ ನೋಡಿ. 180ಕ್ಕಿಂತ ಕೆಳಗಿಳಿಯುತ್ತಿದ್ದರೆ ಸ್ವಿಚ್ಚನ್ನು, ಕಡಿಮೆ ವೋಲ್ಟೇಜನ್ನೂ ಒಪ್ಪುವ ಇಕೋ ಕಡೆಗೆ ತಿರುಗಿಸಿ. ಬದಲಾಗುವಾಗಿನ ಆ ಸಣ್ಣ ಅಂತರವನ್ನು ಮೋಡೆಮಿನ ಡಿ.ಸಿ. ಯು.ಪಿ.ಎಸ್. ತುಂಬುತ್ತದೆ. ಸಿಡಿಲಿಗೆಂದು ತಂದದ್ದು ಇಲ್ಲಿಯೂ ಕೆಲಸಕ್ಕೆ ಬಂತು. ಲ್ಯಾಪ್‌ಟಾಪಿಗೆ ಸ್ಟೆಬಿಲೈಸರ್ ಬೇಕಿಲ್ಲ, ಅದರ ಅಡಾಪ್ಟರ್ 100ರಿಂದ 240 ವೋಲ್ಟಿನ ತನಕ ತಾನೇ ಹೊಂದಿಕೊಳ್ಳುತ್ತದೆ. ವೋಲ್ಟೇಜ್ ನಿತ್ಯವೂ ಹೀಗೇ ಇದ್ದರೆ ಅಂಕಿಗಳನ್ನು ದಿನ, ಹೊತ್ತು ಸಮೇತ ಬರೆದು ಕೆ.ಎಸ್.ಇ.ಬಿ.ಯ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಬಾಯಿಮಾತಿನ ದೂರಿಗಿಂತ ಬರೆದ ಅಂಕಿಗೆ ತೂಕ ಹೆಚ್ಚು. ಕರೆಂಟು ಹೋದಾಗಿನ ದೂರಿಗೆ 1912.

ಇನ್ವರ್ಟರನ್ನು ಹೆಚ್ಚಿನ ಎಲೆಕ್ಟ್ರಿಷಿಯನ್ನರು ಗೋಡೆಯ ವೈರಿಗೆ ನೇರ ಜೋಡಿಸುತ್ತಾರೆ. ಹಾಗಾದರೆ ಗುಡುಗಿದಾಗ ಬಿಡಿಸುವುದು ಹೇಗೆ? ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಪ್ಲಗ್ಗು-ಸಾಕೆಟ್ಟು ಹಾಕಿಸಿ. ಹೊರಹೋಗುವ ಕಡೆ ಇನ್ವರ್ಟರಿನ ಮೇಲಿರುವುದು ಸಾಕೆಟ್ಟೇ ಆಗಿರಲಿ, ಬರಿಗೈಗೆ ಪಿನ್ ತಾಗುವಂತೆ ಇರಬಾರದು. ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಗುರುತಿನ ತನಕ ಮಾತ್ರ. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ. ಆಟಿಯಲ್ಲಿ ದೊಡ್ಡ ಲೈನಿಗೆ ಮರ ಬಿದ್ದರೆ ಕರೆಂಟು ಒಂದೆರಡು ದಿನ ಬರದೆಯೂ ಇರಬಹುದು. ನಡುವೆ ಮೂರು ಗಂಟೆ ಬಂದು ಹೋದರೆ ಬ್ಯಾಟರಿ ತುಂಬುವುದಿಲ್ಲ, ಖಾಲಿಯಾದದ್ದು ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಅಂಥ ದಿನಗಳಲ್ಲಿ ಫ್ಯಾನ್, ಮಾನಿಟರ್ ಬಿಟ್ಟು ಲ್ಯಾಪ್‌ಟಾಪ್ ಮೋಡೆಮ್ ಎರಡನ್ನೇ ನಡೆಸಿ. ಮಾಡಿನ ಮೇಲೆ ಸೋಲಾರ್ ಇದೆಯಲ್ಲ ಎಂದು ನಿಶ್ಚಿಂತೆಯಲ್ಲಿರುವವರಿಗೆ ಒಂದು ಮಾತು: ಲೈನಿಗೆ ಜೋಡಿಸಿದ ಆನ್-ಗ್ರಿಡ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿರುತ್ತಾರೆ. ಕರೆಂಟಿಲ್ಲದಾಗ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ಬೇಕು.

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಸರಿಯಿಲ್ಲ, ಅಥವಾ ಮೂರು ಪಿನ್ನಿನ ಅಡಾಪ್ಟರನ್ನು ಎರಡು ಪಿನ್ನಿನಲ್ಲಿ ಹಾಕಿದ್ದೀರಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಏಪ್ರಿಲ್‌ನಲ್ಲಿ ಒಣಗಿ ಹಂಚಿನಂತಾಗುತ್ತದೆ, ಅರ್ತಿನ ಪೈಪ್ ಇದ್ದೂ ಇಲ್ಲದಂತೆ. ಅರ್ತಿನ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಸಾಕೆಟ್ಟಿನಲ್ಲಿ ನ್ಯೂಟ್ರಲಿಗೂ ಅರ್ತಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಕಂಡರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೀಟರಿನ ಹತ್ತಿರದ ಡಿ.ಬಿ.ಯಲ್ಲಿ (ಬ್ರೇಕರುಗಳಿರುವ ಪೆಟ್ಟಿಗೆ) ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು, ಆದರೆ ಅದು ಕೆಲಸ ಮಾಡುವುದು ಅರ್ತಿಂಗ್ ಸರಿಯಿದ್ದರೆ ಮಾತ್ರ. ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಅದರ ಆಯುಷ್ಯ ಮುಗಿಯಿತು. ಹಾಕಿಸಿದ್ದೇನೆಂದು ಪ್ಲಗ್ ಕೀಳದೆ ಇರಬೇಡಿ.

ಬಿಲ್ಲಿನ ವಿಷಯದಲ್ಲಿ ಕೇರಳದ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಇಲ್ಲಿ ಎರಡು ತಿಂಗಳಿಗೊಮ್ಮೆ ರೀಡಿಂಗ್. ಮನೆ ಕನೆಕ್ಷನ್ನಿನಲ್ಲಿ ಅದು 500 ಯೂನಿಟ್ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ, ದಾಟಿದರೆ ಮೊದಲ ಯೂನಿಟಿನಿಂದಲೇ ಎಲ್ಲದಕ್ಕೂ ಹೆಚ್ಚಿನ ದರ. ಮೇಲೆ ಹೇಳಿದ ಸಾಮಾನು ದಿನಕ್ಕೆ ಒಂಬತ್ತು ಗಂಟೆ ನಡೆದರೆ ಎರಡು ತಿಂಗಳಿಗೆ ಎಪ್ಪತ್ತರಿಂದ ತೊಂಬತ್ತು ಯೂನಿಟ್ ಆದೀತು, ಅದು ದೊಡ್ಡದಲ್ಲ. ಒಂದು ಟನ್ನಿನ ಎ.ಸಿ. ದಿನಕ್ಕೆ ಎಂಟು ಗಂಟೆ ನಡೆದರೆ ಎರಡು ತಿಂಗಳಿಗೆ ಸುಮಾರು 300. ಮೊದಲೇ 250 ಉರಿಸುತ್ತಿದ್ದ ಮನೆ ಆ ಗೆರೆಯನ್ನು ದಾಟುವುದು ಹಾಗೆ.

ಕೋಣೆ ಆರಿಸುವಾಗ ಪಡು ಗೋಡೆಯನ್ನು ಬಿಡಿ. ಮಳೆಗಾಲದ ಗಾಳಿ ಬೀಸುವುದು ಅಲ್ಲಿಂದ. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಮುರಕಲ್ಲಿನ ಪಡು ಗೋಡೆ ಜುಲೈ ಹೊತ್ತಿಗೆ ಒಳಗಿನ ತನಕ ನೀರು ಹೀರಿರುತ್ತದೆ. ಆ ಗೋಡೆಯ ಸಾಕೆಟ್ಟಿನಲ್ಲಿ ಶೀತ ಸೇರಿ, ಕರೆಂಟು ಸೋರಿದರೆ ಲೈನ್ ಕಡಿಯುವ ಇ.ಎಲ್.ಸಿ.ಬಿ. ಬೀಳುತ್ತಲೇ ಇರುತ್ತದೆ. ಬಿದ್ದದ್ದನ್ನು ಮತ್ತೆ ಮತ್ತೆ ಎತ್ತುವ ಬದಲು ಯಾವ ಸಾಕೆಟ್ಟೆಂದು ಹುಡುಕಿ ಅದನ್ನು ಬಿಡಿಸಿ. ಮೂಡು ಅಥವಾ ಬಡಗು ಕಡೆಯ ಕೋಣೆ ಒಳ್ಳೆಯದು. ಹಂಚಿನ ಮನೆಯಾದರೆ ಮರದ ಮುಚ್ಚಿಗೆ ಇರುವ ಕೋಣೆಯಲ್ಲಿ ಮಳೆಯ ಸದ್ದು ಬಹಳ ಕಡಿಮೆ. ಶೀಟಿನ ಮಾಡಿನ ಕೆಳಗೆ ಜೋರು ಮಳೆಯಲ್ಲಿ ಯಾವ ಮೈಕೂ ಉಳಿಯದು. ಬಾಯಿಯ ಹತ್ತಿರ ಕಡ್ಡಿಯಂಥ ಮೈಕ್ ಬರುವ ಹೆಡ್‌ಸೆಟ್ ಕೊಳ್ಳಿ. ಅಡಿಕೆ ಸುಲಿಯುವ ಮೆಷಿನ್, ಹುಲ್ಲು ಹೆರೆಯುವ ಮೆಷಿನ್ ಹತ್ತಿರದಲ್ಲಿದ್ದರೂ ಅದು ತಕ್ಕಮಟ್ಟಿಗೆ ತಡೆಯುತ್ತದೆ.

ಮುರಕಲ್ಲಿನ ದಪ್ಪ ಗೋಡೆ ವೈಫೈಯ 5 ಗಿಗಾಹರ್ಟ್ಸನ್ನು ಒಂದೇ ಗೋಡೆಗೆ ಸುಸ್ತು ಮಾಡುತ್ತದೆ. ಚಾವಡಿಯಲ್ಲಿ ಟಿವಿಯ ಪಕ್ಕ ಮೋಡೆಮ್ ಇಟ್ಟು, ಮೂರು ಗೋಡೆ ಆಚೆ ಕೆಲಸಕ್ಕೆ ಕೂತರೆ ನೆಟ್ ಸರಿಯಿಲ್ಲ ಎಂದೇ ಅನಿಸುತ್ತದೆ. ಮೋಡೆಮ್ ಕೆಲಸದ ಕೋಣೆಯಲ್ಲೇ ಇರಲಿ. ಟಿವಿಗೆ 2.4 ಗಿಗಾಹರ್ಟ್ಸ್ ಸಾಕು.

ಮಳೆಗಾಲದಲ್ಲಿ ದಿನವೂ ನಡೆಯುವ ಲ್ಯಾಪ್‌ಟಾಪಿಗಿಂತ ಮುಚ್ಚಿಟ್ಟದ್ದು ಬೇಗ ಹಾಳಾಗುತ್ತದೆ. ನಡೆಯುವಾಗಿನ ಬಿಸಿಯೇ ಅದಕ್ಕೆ ಮದ್ದು. ಉಪಯೋಗವಿಲ್ಲದ ಕೀಬೋರ್ಡ್, ಹಾರ್ಡ್‌ಡಿಸ್ಕ್, ಹೆಡ್‌ಸೆಟ್‌ಗಳನ್ನು ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜತೆ ಇಡಿ. ಬಣ್ಣ ಬದಲಾಯಿಸುವ ಜಾತಿಯದಾದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಗೊತ್ತಾಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಉಪ್ಪುಗಾಳಿಯೂ ಸೇರಿ ಯು.ಎಸ್.ಬಿ. ತೂತುಗಳಲ್ಲಿ ಕಿಲುಬು ಹಿಡಿಯುತ್ತದೆ. ಬಳಸದ ತೂತಿಗೆ ರಬ್ಬರಿನ ಮುಚ್ಚಳ ಹಾಕಿ. ಕುರ್ಚಿ ರೆಕ್ಸಿನಿನದು ಬೇಡ. ಬೂಸ್ಟು ಬರುತ್ತದೆ, ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ. ನೈಲಾನ್ ಬಲೆಯ ಬೆನ್ನಿನದು ನಮ್ಮ ಹವೆಗೆ ಸರಿ.

ಮೇಜಿಗೆ ಮನೆಯ ಹಲಸಿನ ಹಲಗೆ ಇದ್ದರೆ ಆಚಾರಿಯವರಿಂದಲೇ ಮಾಡಿಸಿ, ಅಂಗಡಿಯ ಪಾರ್ಟಿಕಲ್ ಬೋರ್ಡ್ ಎರಡು ಮಳೆಗಾಲಕ್ಕೆ ಉಬ್ಬುತ್ತದೆ. ಅಳತೆ ಹೇಳದಿದ್ದರೆ ಅವರು ಊಟದ ಮೇಜಿನ 30 ಇಂಚು ಎತ್ತರಕ್ಕೆ ಮಾಡುತ್ತಾರೆ, ಅದು ಟೈಪು ಮಾಡಲು ಹೆಚ್ಚಾಯಿತು. ಕುರ್ಚಿಯಲ್ಲಿ ಪಾದ ಊರಿ ಕೂತು, ಮೊಣಕೈ ಮಡಿಸಿ, ನೆಲದಿಂದ ಮೊಣಕೈಗೆ ಎಷ್ಟೆಂದು ಅಳೆಯಿರಿ. ಸಾಧಾರಣ ಎತ್ತರದವರಿಗೆ 26-27 ಇಂಚು ಬರುತ್ತದೆ. ಅಗಲ 24 ಇಂಚಿಗೆ ಕಡಿಮೆಯಾಗದಿರಲಿ, ಉದ್ದ 48. ಕಾಲಿನ ಮೇಲೆ ಡ್ರಾಯರ್ ಬೇಡ. ಈಗಾಗಲೇ 30 ಇಂಚಿನ ಮೇಜಿದ್ದರೆ ಕಾಲು ಕತ್ತರಿಸಬೇಕಿಲ್ಲ, ಕುರ್ಚಿ ಏರಿಸಿ ಪಾದದ ಕೆಳಗೆ ಒಂದು ಮಣೆ ಇಡಿ. ಲ್ಯಾಪ್‌ಟಾಪಿನ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಹಾಗಾಗಲು ಬೇರೆ ಕೀಬೋರ್ಡ್ ಬೇಕೇ ಬೇಕು. ಕಿಟಕಿ ಪಕ್ಕಕ್ಕಿರಲಿ. ಬೆನ್ನ ಹಿಂದಿದ್ದರೆ ಕಾಲ್‌ನಲ್ಲಿ ಮುಖ ಕಪ್ಪಾಗುತ್ತದೆ, ಎದುರಿದ್ದರೆ ಅಂಗಳದ ಬಿಸಿಲು ಕಣ್ಣಿಗೆ.

ಮನೆಯವರ ಜತೆ ಹೊಂದಿಕೊಳ್ಳುವುದು ಸಾಮಾನು ಜೋಡಿಸಿದಷ್ಟು ಸುಲಭವಲ್ಲ. "ಹೇಗೂ ಮನೆಯಲ್ಲೇ ಇದ್ದೀಯಲ್ಲ, ಒಮ್ಮೆ ಪಂಪ್ ಹಾಕಿ ಬಾ" ಎಂದು ಅಪ್ಪ ಹೇಳಿದರೆ ಅದರಲ್ಲಿ ತಪ್ಪಿಲ್ಲ. ಕಾಣುವಂತೆ ಕೂತ ಮನುಷ್ಯ ಬಿಡುವಾಗಿದ್ದಾನೆ ಎಂದೇ ತೋಟದ ಮನೆಯ ರೀತಿ. "ನನಗೆ ಕೆಲಸವಿದೆ" ಎಂದು ದಿನವಿಡೀ ಹೇಳುವುದಕ್ಕಿಂತ, ಬೆಳಗಿನ ತಿಂಡಿಯ ಹೊತ್ತಿಗೆ "ಅಮ್ಮ, ಇವತ್ತು ಹನ್ನೊಂದರಿಂದ ಹನ್ನೆರಡು ಮತ್ತು ನಾಲ್ಕರಿಂದ ಐದು ಮಾತಾಡುವುದಿದೆ" ಎಂದು ಹೊತ್ತು ಹೇಳಿಬಿಡಿ. ಪಂಪ್ ಹಾಕುವುದು ನಿಮ್ಮದೇ ಕೆಲಸವೆಂದು ಒಪ್ಪಿ, ಏಳೂವರೆಗೆ ಹಾಕಿ ಮುಗಿಸಿ. ಮೊಬೈಲಿನಿಂದ ಸ್ಟಾರ್ಟ್ ಮಾಡುವ ಸ್ಟಾರ್ಟರ್‌ಗಳೂ ಈಗ ಇವೆ. ಗುಡುಗು ಕೇಳಿದರೆ ಚಾವಡಿಯ ಟಿವಿ, ಫ್ರಿಜ್, ಇನ್ವರ್ಟರಿನ ಪ್ಲಗ್ ಕೀಳುವುದು ಯಾರು ಎಂದು ಮೊದಲೇ ಗೊತ್ತಾಗಿರಲಿ. ನೀವು ಕಾಲ್‌ನಲ್ಲಿರುವಾಗ ಮನೆಯ ಇನ್ನೊಬ್ಬರಿಗೆ ಯಾವ ಪ್ಲಗ್ ಯಾವುದರದ್ದು ಎಂದು ತಿಳಿಯುವಂತೆ ಪ್ರತಿಯೊಂದಕ್ಕೂ ಬಣ್ಣದ ಟೇಪ್ ಅಂಟಿಸಿ, ಮೋಡೆಮಿನದ್ದನ್ನೂ ಸೇರಿಸಿ.

ರಜೆಯ ಗೊಂದಲ ಗಡಿನಾಡಿನವರಿಗೇ ಮೀಸಲು. ಕಂಪನಿಯ ಪಟ್ಟಿ ಕರ್ನಾಟಕದ್ದು, ಮಕ್ಕಳ ಶಾಲೆಯ ಪಟ್ಟಿ ಕೇರಳದ್ದು. ಓಣಂಗೆ ಶಾಲೆ ಹತ್ತು ದಿನ ಮುಚ್ಚಿದಾಗ ಮಕ್ಕಳು ಮನೆಯಲ್ಲಿ, ನಿಮಗೆ ಕೆಲಸ. ನವೆಂಬರ್ 1 ಎರಡೂ ರಾಜ್ಯಗಳು ರೂಪುಗೊಂಡ ದಿನವಾದರೂ ರಜೆ ಕರ್ನಾಟಕದಲ್ಲಿ, ಇಲ್ಲಿ ಶಾಲೆ ಇರುತ್ತದೆ. ಊರಿನ ಜಾತ್ರೆ, ಕೋಲ, ಭೂತದ ನೇಮಗಳು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹೆಚ್ಚಿನವು ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಮುಗಿಯುವುದರಿಂದ ಡಿಸೆಂಬರಿನಿಂದ ಮೇ ವರೆಗಿನ ಮನೆ, ಕುಟುಂಬ, ಊರಿನ ದಿನಗಳನ್ನು ವರ್ಷದ ಆರಂಭದಲ್ಲೇ ಕೇಳಿ ಬರೆದುಕೊಂಡು, ರಜೆಯನ್ನು ಅವಕ್ಕೆ ಕಟ್ಟಿಡಿ. ಕೋಲದ ರಾತ್ರಿ ನಿದ್ದೆಗೆಟ್ಟು ಮರುದಿನ ಒಂಬತ್ತಕ್ಕೆ ಲಾಗಿನ್ ಆಗಲು ಹೋಗಬೇಡಿ, ಮರುದಿನಕ್ಕೂ ಅರ್ಧ ದಿನ ಹಾಕಿ.